‘ಓನ್ಲಿ’ ಎಲ್ಲಿ ಕೂರಬೇಕು ಪುಟ್ಟೀ?

ಪುಟ್ಟೀ, ನಿಮ್ಮ ಸೀನಿಯರ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ ಉಯಿಲಿನ ಆ ಸಾಲನ್ನು ನೋಡಿದೆ. ಹೆಸರು, ಊರು ತೆಗೆದು ಕಳಿಸಿದ್ದೀಯ, ಅಷ್ಟು ಎಚ್ಚರ ವಕೀಲರಿಗೆ ಇರಲೇಬೇಕು. ‘ಓನ್ಲಿ ಮೈ ಬ್ರದರ್ಸ್ ಚಿಲ್ಡ್ರನ್ ಶಲ್ ಗೆಟ್ ದ ಹೌಸ್.’ ವ್ಯಾಕರಣದ ತಪ್ಪು ಇಲ್ಲವಲ್ಲ ದೊಡ್ಡಪ್ಪ, ಇದರಲ್ಲಿ ಏನು ಕೊರತೆ ಅಂತ ಕೇಳಿದ್ದೀಯ. ತಪ್ಪು ಇಲ್ಲ, ನಿಜ. ಆದರೆ ಆ ಸಾಲು ಎರಡು ಮಾತು ಆಡುತ್ತಿದೆ.

ಅಣ್ಣನ ಮಕ್ಕಳಿಗೆ ಮಾತ್ರ ಮನೆ, ಅಕ್ಕನ ಮಕ್ಕಳಿಗಿಲ್ಲ ಎಂದು ಒಂದರ್ಥ. ಮಕ್ಕಳಿಗೆ ಮಾತ್ರ, ಅಣ್ಣನಿಗಾಗಲಿ ಅತ್ತಿಗೆಗಾಗಲಿ ಇಲ್ಲ ಎಂದು ಇನ್ನೊಂದು. ‘ಅಣ್ಣನ ಮಕ್ಕಳು’ ಎಂಬಂಥ ಮಾತಿನಲ್ಲಿ ಇಬ್ಬರಿರುತ್ತಾರೆ, ಒಡೆಯ ಮತ್ತು ಒಡೆತನಕ್ಕೆ ಸೇರಿದ್ದು. ಓನ್ಲಿ, ಈವನ್, ಜಸ್ಟ್, ಮೇನ್ಲಿ, ಎಸ್ಪೆಷಲಿ, ಇವೆಲ್ಲ ಬೊಟ್ಟು ಮಾಡಿ ತೋರಿಸುವ ಕ್ರಿಯಾವಿಶೇಷಣಗಳು. ಇಂಗ್ಲಿಷಿನಲ್ಲಿ ಇವು ಆ ಇಬ್ಬರಿಗೂ ಮುಂಚೆ, ಬಾಗಿಲಲ್ಲೇ ನಿಲ್ಲುತ್ತವೆ. ಯಾರ ಕಡೆ ಬೊಟ್ಟು ಎಂದು ಕಾಗದದ ಮೇಲೆ ಕಾಣುವುದಿಲ್ಲ. ಬಾಯಲ್ಲಿ ಹೇಳುವಾಗ ‘ಬ್ರದರ್ಸ್’ ಮೇಲೆ ಒತ್ತಿದರೆ ಒಂದರ್ಥ, ‘ಚಿಲ್ಡ್ರನ್’ ಮೇಲೆ ಒತ್ತಿದರೆ ಇನ್ನೊಂದರ್ಥ. ಉಯಿಲಿಗೆ ದನಿ ಇಲ್ಲ, ಬರೆದವರು ಬಂದು ಓದಿ ಹೇಳುವ ಹಾಗೂ ಇಲ್ಲ. (ಸಾಲದ್ದಕ್ಕೆ ಬ್ರದರ್ಸ್ ಎಂದಾಗ ಒಬ್ಬ ಅಣ್ಣನೋ ಇಬ್ಬರೋ ಎನ್ನುವುದೂ ಅಪಾಸ್ಟ್ರಫಿ ಕೂತ ಜಾಗದ ಮೇಲೆ ನಿಂತಿದೆ. ಅದನ್ನು ಇನ್ನೊಂದು ದಿನ ಬೈಯುತ್ತೇನೆ.)

ಕನ್ನಡದಲ್ಲಿ ಈ ತೊಡಕೇ ಇಲ್ಲ ಅಂತ ಬೀಗಬೇಡ. ‘ಅಣ್ಣನ ಮಕ್ಕಳಿಗೆ ಮಾತ್ರ’ ಅಂದರೂ ಅದೇ ಅನುಮಾನ ಬರುತ್ತದೆ. ಆದರೆ ನಮ್ಮ ‘ಏ’ ಬೇಕಾದವರ ಹೆಗಲೇರಿ ಕೂರಬಲ್ಲದು. ‘ಇದು ಅಪ್ಪನದೇ ಕೈಬರಹ’ ಎಂದರೆ ಬೇರೆ ಯಾರದೂ ಅಲ್ಲ. ‘ಇದು ಅಪ್ಪನ ಕೈಬರಹವೇ’ ಎಂದರೆ ಅಚ್ಚು ಹಾಕಿದ್ದಲ್ಲ, ಕೈಯಲ್ಲೇ ಬರೆದದ್ದು ಎಂಬ ಅರ್ಥಕ್ಕೂ ದಾರಿಯಿದೆ. ಇಂಗ್ಲಿಷಿನ ಓನ್ಲಿಗೆ ಈ ಸಲೀಸು ಇಲ್ಲ. ‘ಮೈ ಬ್ರದರ್ಸ್’ ಮತ್ತು ‘ಚಿಲ್ಡ್ರನ್’ ನಡುವೆ ಅದನ್ನು ತುರುಕಿ ನೋಡು, ‘ಮೈ ಬ್ರದರ್ಸ್ ಓನ್ಲಿ ಚಿಲ್ಡ್ರನ್’ ಎಂದಾಗುತ್ತದೆ. ಆಗ ಅದು ಬೊಟ್ಟು ಮಾಡುವ ಓನ್ಲಿ ಅಲ್ಲ, ಗುಣವಾಚಕ. ಅಣ್ಣನಿಗೆ ಇರುವ ಮಕ್ಕಳೇ ಇವರು, ಬೇರೆ ಮಕ್ಕಳಿಲ್ಲ ಎಂಬ ಕಡೆಗೆ ಅರ್ಥ ಹೊರಟುಹೋಯಿತು. ‘ಓನ್ಲಿ ಮೈ ಬ್ರದರ್’ ಎಂದರೆ ಅಣ್ಣ ಮಾತ್ರ, ‘ಮೈ ಓನ್ಲಿ ಬ್ರದರ್’ ಎಂದರೆ ಇರುವ ಒಬ್ಬನೇ ಅಣ್ಣ. ಒಂದು ಹೆಜ್ಜೆ ಆಚೆ ಇಟ್ಟರೆ ಆಸ್ತಿಯ ಪಾಲೇ ಬೇರೆಯಾದೀತು.

ಹಾಗಾದರೆ ಏನು ಮಾಡುವುದು? ಅನುಮಾನ ಬಂದ ಕಡೆ ಆ ಜೋಡಿಯನ್ನು ಬಿಡಿಸಿಬಿಡು. ‘ಟು ದ ಚಿಲ್ಡ್ರನ್ ಆಫ್ ಮೈ ಬ್ರದರ್, ಅಂಡ್ ನಾಟ್ ಟು ದ ಚಿಲ್ಡ್ರನ್ ಆಫ್ ಮೈ ಸಿಸ್ಟರ್’ ಎಂದು ಬರೆ. ಸಾಲು ಉದ್ದವಾಗುತ್ತದೆ, ಚಂದ ಕೆಡುತ್ತದೆ, ಆಗಲಿ. ಯಾರನ್ನು ಹೊರಗಿಡುತ್ತೀ ಎನ್ನುವುದನ್ನು ಬಾಯಿಬಿಟ್ಟು ಹೇಳಿದ ಮೇಲೆ ಓನ್ಲಿಯ ಅಗತ್ಯವೇ ಬೀಳುವುದಿಲ್ಲ.

ಓನ್ಲಿ ಕಂಡಲ್ಲೆಲ್ಲ ಹೀಗೆ ಹೆದರಬೇಕಾಗಿಯೂ ಇಲ್ಲ. ಹೆನ್ರಿ ಫೌಲರ್ 1926ರಲ್ಲಿ ಹೊರತಂದ ‘ಅ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್’ ನಿಮ್ಮ ಆಫೀಸಿನ ಕಪಾಟಿನಲ್ಲಿದ್ದರೆ ಓನ್ಲಿ ಎಂಬಲ್ಲಿ ತೆರೆದು ನೋಡು. ಅರ್ಥ ಗೊಂದಲವಾಗದ ಕಡೆಯೂ ಆ ಪದವನ್ನು ಹಿಡಿದು ಎಳೆದಾಡುವವರನ್ನು ಆತ ಸರಿಯಾಗಿಯೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ‘ಐ ಓನ್ಲಿ ಬಾರೋಡ್ ಮೈ ಬ್ರದರ್ಸ್ ಬೈಕ್’ ಎಂದು ಮಾತಿನಲ್ಲಿ ಹೇಳಿದರೆ ಯಾರಿಗೂ ನಷ್ಟವಿಲ್ಲ. ಫೌಲರ್ ಮಾತು ದಿನದ ಬರವಣಿಗೆಗೆ ಪೂರ್ತಿ ಒಪ್ಪಿಗೆ. ಎದುರು ಪಕ್ಷದ ವಕೀಲರು ಭೂತಗನ್ನಡಿ ಹಿಡಿದು ಓದುವ ಕಾಗದಕ್ಕೆ ಮಾತ್ರ ನನಗೆ ಅಷ್ಟು ಧೈರ್ಯ ಸಾಲದು.

ನಾವು ಮಾತಿನ ಕೊನೆಗೆ ಅಂಟಿಸುವ ಓನ್ಲಿ ಬೇರೆ ಕಥೆ. ‘ಇಟ್ ಈಸ್ ಮೈ ಫಾದರ್ಸ್ ಹೌಸ್ ಓನ್ಲಿ’ ಎನ್ನುವಾಗ ಬಾಯಲ್ಲಿರುವುದು ಇಂಗ್ಲಿಷ್, ಒಳಗಿರುವುದು ‘ಅಪ್ಪನ ಮನೆಯೇ’. ಮಾತಿನಲ್ಲಿ ನಾನೂ ಹೇಳುತ್ತೇನೆ, ನಾಚಿಕೆಯೇನಿಲ್ಲ. ಆದರೆ ‘ಮೆಂಬರ್ಸ್ ಓನ್ಲಿ’ ಎಂಬ ಬೋರ್ಡಿನಲ್ಲಿ ಇರುವ ಹಾಗೆ, ಕೊನೆಯ ಓನ್ಲಿಗೆ ಇಂಗ್ಲಿಷಿನಲ್ಲಿ ‘ಬೇರೆ ಯಾವುದೂ ಅಲ್ಲ’ ಎಂಬ ಬೇಲಿಯ ಅರ್ಥವಿದೆ. ನೀನು ಖಚಿತ ಮಾಡಲು ಬಳಸಿದ್ದನ್ನು ಓದುವವರು ನಿರ್ಬಂಧ ಎಂದುಕೊಂಡಾರು. ಖಚಿತ ಮಾಡುವುದಿದ್ದರೆ ‘ಇಟ್ ಈಸ್ ವೆರಿ ಮಚ್ ಮೈ ಫಾದರ್ಸ್ ಹೌಸ್’ ಎನ್ನು. ಇಲ್ಲಿ ‘ಮಚ್’ ಬಿಡುವಂತಿಲ್ಲ. ಬರೀ ‘ವೆರಿ’ ಗುಣವಾಚಕಕ್ಕೆ ಅಂಟುತ್ತದೆ, ಒಡೆತನದ ಮಾತಿಗೆ ಅಂಟುವುದಿಲ್ಲ.

ಇನ್ನೊಂದು ಬಗೆಯವು ಪ್ರಾಬಬ್ಲಿ, ಕ್ಲಿಯರ್ಲಿ, ಅಪರೆಂಟ್ಲಿ. ‘ದಿಸ್ ಈಸ್ ಪ್ರಾಬಬ್ಲಿ ಹಿಸ್ ಸಿಗ್ನೇಚರ್’ ಎಂಬಲ್ಲಿ ಪ್ರಾಬಬ್ಲಿ ‘ಹಿಸ್’ ಪಕ್ಕದಲ್ಲಿದೆ, ಆದರೆ ಅದು ಹಿಸ್‌ಗೆ ಸೇರಿದ್ದಲ್ಲ. ‘ಈಸ್’ ಇದ್ದರೆ ಇಂಥವು ಅದರ ಹಿಂದೆಯೇ ಬರುವುದು ವಾಡಿಕೆ, ಹಾಗಾಗಿ ಅಲ್ಲಿಗೆ ಬಂದು ಬಿದ್ದಿದೆ. ಅದರ ಅನುಮಾನ ಇಡೀ ವಾಕ್ಯದ ಮೇಲೆ. ಬಸ್ ಸ್ಟಾಪಿನಲ್ಲಿ ಪಕ್ಕಪಕ್ಕ ನಿಂತವರೆಲ್ಲ ನೆಂಟರಲ್ಲ. ಲಾರ್ಜ್‌ಲಿ, ಪಾರ್ಟ್‌ಲಿ ಹಾಗಲ್ಲ, ಅವು ಪಾಲಿನ ಲೆಕ್ಕ ಹೇಳುತ್ತವೆ. ‘ದ ಸೈಟ್ ಈಸ್ ಪಾರ್ಟ್‌ಲಿ ಮೈ ಫಾದರ್ಸ್’ ಎಂದರೆ ಅಪ್ಪನಿಗೆ ಸೈಟಿನಲ್ಲಿ ಸ್ವಲ್ಪ ಹಕ್ಕು ಮಾತ್ರ ಇದೆ ಎಂದು ನೀನೇ ಬರೆದುಕೊಟ್ಟ ಹಾಗೆ. ಎಷ್ಟು ಪಾಲು ಎಂದು ಗೊತ್ತಿದ್ದರೆ ಅದನ್ನೇ ಅಂಕಿಯಲ್ಲಿ ಬರೆ, ಈ ಪದದ ಗೊಡವೆ ಬೇಡ.

ನಿನ್ನ ಉತ್ತರದ ನೋಟಿಸಿನಲ್ಲಿ ಕಂಡ ಒಂದು ಸಾಲು: ‘ಐ ಹ್ಯಾವ್ ರೆಡ್ ಕೇರ್‌ಫುಲಿ ಯುವರ್ ಕ್ಲೈಂಟ್ಸ್ ನೋಟಿಸ್.’ ಹೇಗೆ ಮಾಡಿದೆ ಎಂದು ಹೇಳುವ ಕ್ರಿಯಾವಿಶೇಷಣ ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಕೂರುವುದನ್ನು ಇಂಗ್ಲಿಷ್ ಸಹಿಸುವುದಿಲ್ಲ. ಆ ಜಾಗ ಓನ್ಲಿ, ಈವನ್‌ಗಳಂಥ ಬೊಟ್ಟು ಮಾಡುವವರಿಗೆ ಮೀಸಲು. ‘ಹ್ಯಾವ್ ಕೇರ್‌ಫುಲಿ ರೆಡ್’ ಎಂದು ತಿದ್ದಿಕೋ. ನಾವು ‘ಎಚ್ಚರದಿಂದ ಓದಿದೆ’ ಎನ್ನುವಾಗಲೂ ಅದು ಕ್ರಿಯಾಪದಕ್ಕೆ ಮುಂಚೆಯೇ ಇರುತ್ತದಲ್ಲ, ಅಷ್ಟು ನೆನಪಿಟ್ಟರೆ ಸಾಕು. ಕರ್ಮ ತೀರಾ ಉದ್ದವಾಗಿದ್ದರೆ, ಅಂದರೆ ನೋಟಿಸು, ಅದರ ತಾರೀಖು, ಅದಕ್ಕೆ ಲಗತ್ತಿಸಿದ ದಾಖಲೆ ಎಲ್ಲ ಸೇರಿ ಎರಡು ಸಾಲಾಗಿದ್ದರೆ, ಆಗ ಮಾತ್ರ ವಿನಾಯಿತಿ ಉಂಟು.

ಕೊನೆಯದಾಗಿ, ಬಾಡಿಗೆ ಕೇಸಿನಲ್ಲಿ ನೀನು ಬರೆದ ‘ಹಿಸ್ ರಿಪೀಟೆಡ್ಲಿ ರಿಫ್ಯೂಸಿಂಗ್ ಟು ಪೇ’. ಅದು ತಪ್ಪಲ್ಲ. ಹಿಸ್ ಮುಂದೆ ನಾಮಪದ ಬಂದರೆ ಗುಣವಾಚಕ ಬೇಕು, ಆದರೆ ರಿಫ್ಯೂಸಿಂಗ್‌ಗೆ ಇನ್ನೂ ಕ್ರಿಯಾಪದದ ಕಸುವು ಇರುವುದರಿಂದ ರಿಪೀಟೆಡ್ಲಿ ಅಲ್ಲಿ ನಿಲ್ಲುತ್ತದೆ. ಆದರೂ ಓದುವಾಗ ನಾಲಿಗೆ ತೊಡರುತ್ತದೆ. ‘ಹಿಸ್ ರಿಪೀಟೆಡ್ ರಿಫ್ಯೂಸಲ್ ಟು ಪೇ’ ಎಂದು ಬದಲಾಯಿಸು. ಹಾಗೆಯೇ ಅದೇ ಪುಟದಲ್ಲಿ ‘ಮೈ ಒನ್ ಫ್ರೆಂಡ್’ ಎಂದು ಸಾಕ್ಷಿಯ ಬಾಯಲ್ಲಿ ಹೇಳಿಸಿದ್ದೀಯ. ‘ಎ ಫ್ರೆಂಡ್ ಆಫ್ ಮೈನ್’ ಎಂದು ಮಾಡು. ಪಾಪ, ಆತನಿಗೆ ಪ್ರಪಂಚದಲ್ಲಿ ಇರುವುದೇ ಒಬ್ಬ ಗೆಳೆಯ ಅಂತ ನ್ಯಾಯಾಧೀಶರು ತಿಳಿದುಕೊಳ್ಳುವುದು ಬೇಡ.