ನಕುಲಮಾತೆಯ ಮಾತು



ಮುಧೋಳ, ಬೀಳಗಿ ಕಡೆಯಿಂದ ಗೋವಾಕ್ಕೆ ದುಡಿಯಲು ಹೋದ ನಮ್ಮ ಗಂಡಸರಿಗೆ ರಾತ್ರಿ ಕಾಡುವುದು ಊರಲ್ಲಿರುವ ಹೆಂಡತಿಯ ಚಿಂತೆ. ಅಂಥವರಿಗಾಗಿ ಇಂದು ಅಂಗುತ್ತರ ನಿಕಾಯದ ನಕುಲಪಿತ ಸುತ್ತ.

ನಕುಲಪಿತ ದೂರ ಹೋದವನಲ್ಲ, ಹಾಸಿಗೆ ಹಿಡಿದವನು. ಚಿಂತೆ ಮಾತ್ರ ಅದೇ: ನಾನಿಲ್ಲದಿದ್ದರೆ ಇವಳು ಹೇಗೆ ಬಾಳುತ್ತಾಳೆ? ನಕುಲಮಾತೆ ಒಂದೊಂದನ್ನೇ ಬಿಡಿಸಿದಳು. ನನಗೆ ಹತ್ತಿ ನೂಲಲು, ಉಣ್ಣೆ ಹಿಂಜಲು ಬರುತ್ತದೆ, ಮಕ್ಕಳನ್ನು ಸಾಕುತ್ತೇನೆ ಎಂದಳು. (ರಬಕವಿ-ಬನಹಟ್ಟಿಯ ತಾಯಂದಿರಿಗೆ ಇದನ್ನು ವಿವರಿಸಬೇಕಿಲ್ಲ, ಕಂಡಿಕೆ ಸುತ್ತಿಯೇ ಮನೆ ನಡೆಸಿದವರಿದ್ದಾರೆ.) ಬೇರೊಬ್ಬನನ್ನು ಮದುವೆಯಾಗಲಾರೆ, 16 ವರ್ಷ ನಾವು ಶುದ್ಧವಾಗಿ ಬಾಳಿದ್ದು ನಿನಗೇ ಗೊತ್ತು ಎಂದಳು. ಶೀಲವನ್ನೂ ಧಮ್ಮವನ್ನೂ ಬಿಡೆನೆಂದಳು.

ಎರಡನೆಯ ಮಾತಿನ ಹತ್ತಿರ ನಾನು ನಿಲ್ಲುತ್ತೇನೆ. ದಿನಕ್ಕೆ ಹತ್ತು ಸಲ ಫೋನ್ ಹಚ್ಚಿ "ಎಲ್ಲಿದ್ದಿ, ಜೋಡಿ ಯಾರದಾರ?" ಎಂದು ಕೇಳುವವರ ಭಯವೂ ಇದೇ. ಅದನ್ನು ಕಾಳಜಿ ಎನ್ನಲು ನನಗೆ ಮನಸ್ಸಾಗದು. ಮನೆಯಲ್ಲಿ ಹಿಟ್ಟು ಇದೆಯೇ, ಸಂಘದ ಸಾಲದ ಕಂತು ಕಟ್ಟಿದೆಯಾ ಎಂದು ಕೇಳಿದರೆ ಅದು ಬೇರೆ.

ಹೆಂಡತಿಯ ಮಾತು ಕೇಳಿ ನಕುಲಪಿತ ಚೇತರಿಸಿಕೊಂಡ. ಕೋಲೂರಿಕೊಂಡು ಭಗವಾನರ ಬಳಿ ಬಂದಾಗ, ಇಂಥವಳು ಸಿಕ್ಕಿದ್ದು ನಿನ್ನ ಭಾಗ್ಯ ಎಂದರು. ಅವಳಿಗೆ ಅವರು ಬಳಸಿದ ಪಾಳಿ ಪದ 'ಓವಾದಿಕಾ': ಗಂಡನಿಗೆ ಉಪದೇಶ ಕೊಡುವವಳು.