ಹನ್ನೆರಡನೆಯ ಚಿತ್ರ

ನಿಮ್ಮ ಮನೆಯಲ್ಲಿ ಹಳೆಯ ಫೋಟೋಗಳಿವೆಯೇ? ಅವುಗಳಲ್ಲಿ ಯಾರು ಯಾರು ಇದ್ದಾರೆ? ಅವುಗಳನ್ನು ತೆಗೆದವರು ಯಾರು? ಕೇಳಿ ತಿಳಿಯಿರಿ. ಅನಂತರ ಈ ಪಾಠವನ್ನು ಓದಿರಿ.

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದೆ. ಕಾಸರಗೋಡಿನ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಸುತ್ತಲೂ ಅಡಿಕೆ ತೋಟ, ಮುಂದೆ ದೊಡ್ಡ ಅಂಗಳ. ಆಗ ಯಾರ ಕೈಯಲ್ಲಿಯೂ ಮೊಬೈಲ್ ಫೋನ್ ಇರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಅಜ್ಜ ತೀರಿಕೊಂಡರು. ಗೋಡೆಗೆ ಹಾಕಲು ಅವರದೊಂದು ಫೋಟೋ ಬೇಕಾಗಿತ್ತು. ಅಪ್ಪ ಮನೆಯ ಪೆಟ್ಟಿಗೆಗಳನ್ನೆಲ್ಲ ಹುಡುಕಿದರು. ಸಿಕ್ಕಿದ್ದು ಒಂದೇ ಒಂದು. ಅದೂ ಯಾರದೋ ಮದುವೆಯ ಫೋಟೋ. ಅಜ್ಜ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಅವರ ಮುಖ ಕಡಲೆಕಾಳಿನಷ್ಟು ಚಿಕ್ಕದಾಗಿತ್ತು. ಅದರಲ್ಲಿಯೂ ಅರ್ಧ ಭಾಗ ಮುಂದಿನವರ ಮುಂಡಾಸಿನ ಮರೆಯಲ್ಲಿತ್ತು.

"ಅಜ್ಜನ ನಗು ಎಷ್ಟು ಚೆಂದವಿತ್ತು! ಅದು ಯಾವ ಫೋಟೋದಲ್ಲಿಯೂ ಇಲ್ಲವಲ್ಲ" ಎಂದು ಅಪ್ಪ ನೊಂದುಕೊಂಡರು.

ಅಡಿಕೆ ಮಾರಿದ ಹಣದಲ್ಲಿ ಅಪ್ಪ ಒಂದು ಕ್ಯಾಮರಾ ತಂದರು. ಅದೊಂದು ಸಣ್ಣ ಕಪ್ಪು ಪೆಟ್ಟಿಗೆ. ಅದರೊಳಗೆ ಫಿಲ್ಮಿನ ಸುರುಳಿ ಹಾಕಬೇಕು. ಒಂದು ಸುರುಳಿಯಲ್ಲಿ 12 ಚಿತ್ರಗಳು ಮಾತ್ರ. ಎಲ್ಲವೂ ಕಪ್ಪು ಬಿಳುಪು. ಹನ್ನೆರಡೂ ಮುಗಿದ ಮೇಲೆ ಸುರುಳಿಯನ್ನು ಪೇಟೆಯ ಸ್ಟುಡಿಯೋಗೆ ಕೊಡಬೇಕು. ಅವರು ತೊಳೆದು, ಅಚ್ಚು ಹಾಕಿ ಕೊಡುವವರೆಗೂ ಚಿತ್ರ ಹೇಗೆ ಬಂದಿದೆ ಎಂದು ಯಾರಿಗೂ ತಿಳಿಯದು.

ಒಂದು ಭಾನುವಾರ ನಾವೆಲ್ಲರೂ ಬಸ್ಸು ಹತ್ತಿ ಬೇಕಲ ಕೋಟೆಗೆ ಹೋದೆವು. ಅದು 17ನೆಯ ಶತಮಾನದಲ್ಲಿ ಕೆಳದಿಯ ನಾಯಕರು ಕಟ್ಟಿಸಿದ ಕೋಟೆ. ಸಂಜೆಯ ಹೊತ್ತು. ಸೂರ್ಯ ಸಮುದ್ರದ ಮೇಲಿದ್ದ. ಅಪ್ಪ ನಮ್ಮನ್ನು ಸಮುದ್ರಕ್ಕೆ ಬೆನ್ನು ಮಾಡಿ ಸಾಲಾಗಿ ನಿಲ್ಲಿಸಿದರು.

"ಯಾರೂ ಅಲುಗಾಡಬೇಡಿ. ಅಮ್ಮಾ, ಸ್ವಲ್ಪ ನಗು!" ಎಂದರು.

ಅಜ್ಜಿ ಸೆರಗು ಸರಿಪಡಿಸಿಕೊಂಡು, ಉಸಿರು ಬಿಗಿಹಿಡಿದು ನಿಂತರು. ಅಪ್ಪ ಒಂದರ ಮೇಲೊಂದು ಚಿತ್ರ ತೆಗೆದರು. ಹನ್ನೆರಡೂ ಮುಗಿದವು.

ಒಂದು ವಾರದ ಮೇಲೆ ಫೋಟೋಗಳು ಬಂದವು. ಸಮುದ್ರ ಬೆಳ್ಳಗೆ ಹೊಳೆಯುತ್ತಿತ್ತು. ನಾವೆಲ್ಲರೂ ಇದ್ದಿಲಿನಂತೆ ಕಪ್ಪಗಿದ್ದೆವು! ಒಂದರಲ್ಲಿ ಅಮ್ಮನ ತಲೆಯೇ ಇರಲಿಲ್ಲ. ಇನ್ನೊಂದರಲ್ಲಿ ಎಲ್ಲವೂ ಮಸುಕು. "ಅಪ್ಪಾ, ಇದು ಯಾರ ಕಾಲು?" ಎಂದು ತಂಗಿ ಕೇಳಿದಳು. ನಾವು ನಕ್ಕೆವು. ಅಪ್ಪ ನಗಲಿಲ್ಲ.

ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ಸ್ಟುಡಿಯೋಗೆ ಹೋದರು. ಅಲ್ಲಿನ ಹಿರಿಯರು ಫೋಟೋಗಳನ್ನು ಮೇಜಿನ ಮೇಲೆ ಹರಡಿದರು.

"ಇದರಲ್ಲಿ ಸೂರ್ಯ ಎಲ್ಲಿದ್ದಾನೆ?" ಎಂದು ಕೇಳಿದರು.

"ಇವರ ಬೆನ್ನ ಹಿಂದೆ."

"ಹಾಗಾದರೆ ಮುಖಕ್ಕೆ ಬೆಳಕು ಎಲ್ಲಿಂದ ಬರಬೇಕು? ಫೋಟೋವನ್ನು ಬರೆಯುವುದು ಬೆಳಕು. ಮೊದಲು ಬೆಳಕನ್ನು ನೋಡಿ, ಆಮೇಲೆ ಗುಂಡಿ ಒತ್ತಿ. ನಡು ಮಧ್ಯಾಹ್ನವೂ ಬೇಡ. ಆಗ ಕಣ್ಣಿನ ಕೆಳಗೆ ನೆರಳು ಬೀಳುತ್ತದೆ. ಬೆಳಗಿನ ಓರೆ ಬಿಸಿಲು ಒಳ್ಳೆಯದು."

"ಇವಳ ತಲೆ ಏಕೆ ಹೋಯಿತು?"

"ನೀವು ನೋಡುವ ಕಿಂಡಿ ಮೇಲಿದೆ. ಚಿತ್ರ ಹಿಡಿಯುವ ಮಸೂರ ಕೆಳಗಿದೆ. ಎರಡೂ ಒಂದೇ ನೋಟವನ್ನು ಕಾಣುವುದಿಲ್ಲ. ಆದ್ದರಿಂದ ತಲೆಯ ಮೇಲೆ ಸ್ವಲ್ಪ ಜಾಗ ಬಿಡಿ. ಹಾಗೆಂದು ಬಹಳ ದೂರ ನಿಲ್ಲಬೇಡಿ. ಮುಖ ಕಾಣಬೇಡವೇ? ಐದಾರು ಅಡಿ ದೂರ ಸಾಕು. ಇನ್ನೂ ಹತ್ತಿರ ಹೋದರೆ ಈ ಕ್ಯಾಮರಾದಲ್ಲಿ ಮಸುಕಾಗುತ್ತದೆ."

"ಮತ್ತೆ ಈ ಚಿತ್ರ?"

"ಇದು ನಿಮ್ಮ ಕೈ ನಡುಗಿದ್ದು. ಮೊಣಕೈಗಳನ್ನು ಮೈಗೆ ಒತ್ತಿ ಹಿಡಿದು, ಗುಂಡಿಯನ್ನು ಮೆಲ್ಲಗೆ ಒತ್ತಿ. ಉಸಿರು ಹಿಡಿಯಬೇಕಾದವರು ನಿಮ್ಮ ಅಮ್ಮ ಅಲ್ಲ, ನೀವು!" ಎಂದು ಅವರು ನಕ್ಕರು. ಮತ್ತೆ ಹೇಳಿದರು, "ನಗು ಎಂದರೆ ನಗು ಬರುವುದೇ? ಅವರ ಕೆಲಸ ಅವರು ಮಾಡಲಿ. ನೀವು ಕಾಯಿರಿ."

ಆಮೇಲೆ ಅಪ್ಪ ಒಂದು ತಿಂಗಳು ಫಿಲ್ಮೇ ಹಾಕಲಿಲ್ಲ. ದಿನವೂ ಬೆಳಿಗ್ಗೆ ಖಾಲಿ ಕ್ಯಾಮರಾ ಹಿಡಿದು ಅಂಗಳದಲ್ಲಿ ತಿರುಗಾಡುತ್ತಿದ್ದರು. ಯಾವ ಹೊತ್ತಿಗೆ ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೋಡುತ್ತಿದ್ದರು. ಕಂಬಕ್ಕೆ ಒರಗಿ ಕೈ ಅಲುಗದಂತೆ ಅಭ್ಯಾಸ ಮಾಡುತ್ತಿದ್ದರು. ಅಮ್ಮನಿಗೆ ನಗುವೋ ನಗು.

ಕೊನೆಗೆ ಅಪ್ಪ ಎರಡನೆಯ ಸುರುಳಿ ಹಾಕಿದರು. ಈ ಸಲ ಅವಸರ ಮಾಡಲಿಲ್ಲ. ಹತ್ತು ಚಿತ್ರಗಳಿಗೆ ಹಲವು ದಿನಗಳು ಹಿಡಿದವು.

ಒಂದು ಬೆಳಿಗ್ಗೆ ಅಜ್ಜಿ ಜಗಲಿಯ ಅಂಚಿನಲ್ಲಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ಓರೆ ಬಿಸಿಲು ಅವರ ಕೆನ್ನೆಯ ಮೇಲಿತ್ತು. ಅಪ್ಪ ಐದಾರು ಅಡಿ ದೂರದಲ್ಲಿ ಕ್ಯಾಮರಾ ಹಿಡಿದು ಸುಮ್ಮನೆ ನಿಂತಿದ್ದರು. ತಂಗಿ ತನ್ನ ಲಂಗದ ತುಂಬ ಅಡಿಕೆ ತುಂಬಿಕೊಂಡು ಬಂದಳು. ಮೆಟ್ಟಿಲಲ್ಲಿ ಲಂಗ ಕೈಜಾರಿತು. ಅಡಿಕೆಗಳೆಲ್ಲ ಅಂಗಳದ ತುಂಬ ಉರುಳಿದವು. ಅವುಗಳ ಹಿಂದೆ ಬೆಕ್ಕು, ಬೆಕ್ಕಿನ ಹಿಂದೆ ತಂಗಿ! ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು.

ಟಿಕ್!

"ಇನ್ನೊಂದೇ ಉಳಿದಿದೆ" ಎಂದರು ಅಪ್ಪ.

"ಎಲ್ಲರದೂ ಆಯಿತು. ನಿನ್ನದು ಎಲ್ಲಿದೆ ಮಗಾ?" ಎಂದು ಅಜ್ಜಿ ಕೇಳಿದರು.

ಅಪ್ಪ ಒಂದು ಕ್ಷಣ ಸುಮ್ಮನಿದ್ದರು. ಎರಡು ಸುರುಳಿಗಳಲ್ಲಿ ಅವರ ಚಿತ್ರ ಒಂದೂ ಇರಲಿಲ್ಲ. ಅವರು ಕ್ಯಾಮರಾವನ್ನು ನನ್ನ ಕೈಗೆ ಕೊಟ್ಟು ಅಜ್ಜಿಯ ಪಕ್ಕದಲ್ಲಿ ಕುಳಿತರು. ನಾನು ಬೆಳಕು ನೋಡಿದೆ. ತಲೆಯ ಮೇಲೆ ಜಾಗ ಬಿಟ್ಟೆ. ಉಸಿರು ಹಿಡಿದೆ. ಮೆಲ್ಲಗೆ ಗುಂಡಿ ಒತ್ತಿದೆ.

ಈಗ ಅಜ್ಜಿ ಇಲ್ಲ. ಅವರ ನಗು ನಮ್ಮ ಮನೆಯ ಗೋಡೆಯ ಮೇಲಿದೆ. ಅದರ ಪಕ್ಕದಲ್ಲಿಯೇ ನಾನು ತೆಗೆದ ಹನ್ನೆರಡನೆಯ ಚಿತ್ರವೂ ಇದೆ. ಅದು ಸ್ವಲ್ಪ ವಾಲಿದೆ. ಆದರೂ ಅಪ್ಪ ಅದನ್ನು ಬದಲಾಯಿಸಲು ಬಿಡಲೇ ಇಲ್ಲ.

ಪದಗಳ ಅರ್ಥ

ಮುಂಡಾಸು – ತಲೆಗೆ ಸುತ್ತುವ ಬಟ್ಟೆ
ಮಸುಕು – ಸ್ಪಷ್ಟವಾಗಿ ಕಾಣದಿರುವುದು
ಮಸೂರ – ಬೆಳಕನ್ನು ಬಾಗಿಸುವ ಗಾಜು
ಓರೆ – ಒಂದು ಬದಿಗೆ ವಾಲಿದ
ಬೊಚ್ಚುಬಾಯಿ – ಹಲ್ಲಿಲ್ಲದ ಬಾಯಿ

ತಿಳಿದಿರಲಿ

'ಫೋಟೋ' ಎಂಬುದು 'ಬೆಳಕು' ಎಂಬ ಅರ್ಥದ ಗ್ರೀಕ್ ಪದದಿಂದ ಬಂದಿದೆ. ಆಗಸ್ಟ್ 19 ವಿಶ್ವ ಛಾಯಾಚಿತ್ರ ದಿನ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಹೆಸರಾಂತ ಛಾಯಾಗ್ರಾಹಕರು. ಸಾಮಾನ್ಯ ಜನರನ್ನೂ ಮಕ್ಕಳನ್ನೂ ಅವರವರ ಕೆಲಸ, ಆಟಗಳ ನಡುವೆಯೇ ಚಿತ್ರಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಅಭ್ಯಾಸ

ಅ. ಉತ್ತರಿಸಿರಿ.
1. ಅಪ್ಪ ಕ್ಯಾಮರಾ ತಂದುದು ಏಕೆ?
2. ಕೋಟೆಯಲ್ಲಿ ತೆಗೆದ ಚಿತ್ರಗಳಲ್ಲಿ ಮುಖಗಳು ಕಪ್ಪಾಗಲು ಕಾರಣವೇನು?
3. ಅಪ್ಪ ಒಂದು ತಿಂಗಳು ಫಿಲ್ಮ್ ಹಾಕದೆ ಏನು ಮಾಡಿದರು?
4. ವಾಲಿದ ಚಿತ್ರವನ್ನು ಬದಲಾಯಿಸಲು ಅಪ್ಪ ಏಕೆ ಬಿಡಲಿಲ್ಲ? ನಿಮಗೆ ತೋರಿದ ಕಾರಣ ಬರೆಯಿರಿ.

ಆ. ಯಾರು, ಯಾರಿಗೆ ಹೇಳಿದರು?
1. "ಮೊದಲು ಬೆಳಕನ್ನು ನೋಡಿ."
2. "ನಿನ್ನದು ಎಲ್ಲಿದೆ ಮಗಾ?"

ಇ. ಮಾಡಿ ನೋಡಿರಿ.
ಗೆಳೆಯನನ್ನು ಕಿಟಕಿಗೆ ಮುಖಮಾಡಿ ಕೂರಿಸಿರಿ. ಅನಂತರ ಕಿಟಕಿಗೆ ಬೆನ್ನು ಮಾಡಿ ಕೂರಿಸಿರಿ. ಮುಖ ಯಾವಾಗ ಚೆನ್ನಾಗಿ ಕಾಣುತ್ತದೆ? ನೋಡಿದ್ದನ್ನು ಬರೆಯಿರಿ. ಸೂರ್ಯನನ್ನು ಮಾತ್ರ ನೇರವಾಗಿ ನೋಡಬೇಡಿರಿ.

ಈ. ನಿಮ್ಮ ಮನೆಯ ಒಂದು ಫೋಟೋದ ಬಗ್ಗೆ ಹಿರಿಯರಿಂದ ಕೇಳಿ ಐದು ವಾಕ್ಯ ಬರೆಯಿರಿ. ಅದನ್ನು ತೆಗೆದವರು ಯಾರು ಎಂಬುದನ್ನೂ ಸೇರಿಸಿರಿ.