ನಾಯಿಮರಿ ತರುವ ಮುನ್ನ ಹೊಲಮನೆಯ ಸಿದ್ಧತೆ



ಹಸು ಕೊಳ್ಳುವ ಮೊದಲು ಕೊಟ್ಟಿಗೆ, ಗೋದಲಿ, ಮೇವು ಎಲ್ಲವನ್ನೂ ನೋಡಿಕೊಳ್ಳುವ ನಾವು ನಾಯಿಮರಿಯ ವಿಷಯದಲ್ಲಿ ಏನನ್ನೂ ಯೋಚಿಸುವುದಿಲ್ಲ. ನೆಂಟರ ಮನೆಯ ನಾಯಿ ಮರಿ ಹಾಕಿದೆ ಎಂದು ತಿಳಿದೊಡನೆ ಒಂದನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತೇವೆ. ಹಾಗೆ ಬಂದ ಮರಿಗಳಲ್ಲಿ ಎಷ್ಟೋ ವರ್ಷ ತುಂಬುವ ಮೊದಲೇ ಸಾಯುತ್ತವೆ. ಉಳಿದವುಗಳಲ್ಲಿ ಲಸಿಕೆ ಕಾಣದವು ಮನೆಯವರಿಗೇ ಅಪಾಯವಾಗಬಲ್ಲವು.

ಬೇಸಾಯಶಾಸ್ತ್ರದವನಿಗೆ ನಾಯಿಯ ಉಸಾಬರಿ ಏಕೆ ಎಂದು ತಾವು ಕೇಳಬಹುದು. ರೋಗ ಮತ್ತು ಔಷಧಿಗಳ ವಿಷಯದಲ್ಲಿ ಪಶುವೈದ್ಯರ ಮಾತೇ ಕೊನೆಯದು. ಆದರೆ ಹೊಲಮನೆಯ ಮರಿಗೆ ಎದುರಾಗುವ ಗಂಡಾಂತರಗಳಲ್ಲಿ ಹಲವು ಬೆಳೆಗೆಂದು ತಂದಿಟ್ಟ ಸಾಮಗ್ರಿಗಳಿಂದಲೇ ಬರುತ್ತವೆ. ಆದ್ದರಿಂದ ಈ ಲೇಖನ.

ಮರಿ ತರುವುದಕ್ಕೂ ಹಂಗಾಮು ಉಂಟು

ಬಿತ್ತನೆ ಕಾಲದಲ್ಲಿ ಮರಿ ತರಬೇಡಿ. ಆಗ ಮನೆಯವರೆಲ್ಲ ಹೊಲದಲ್ಲಿರುತ್ತಾರೆ. ಅಂಗಳದಲ್ಲಿ ಔಷಧಿ ಲೇಪಿಸಿದ ಬೀಜ ಹರಡಿರುತ್ತದೆ. ತೆಂಗು, ಅಡಿಕೆ, ಬಾಳೆಯ ಬುಡಕ್ಕೆ ಹಿಂಡಿ ಗೊಬ್ಬರ ಹಾಕುವ ದಿನಗಳೂ ಬೇಡ. ಸುಗ್ಗಿ ಮುಗಿದು, ಕಣ ಗುಡಿಸಿ, ಕೈ ಬಿಡುವಾದ ಮೇಲೆ ತಂದರೆ ಮುಂದಿನ ಮುಂಗಾರಿನ ಹೊತ್ತಿಗೆ ಮರಿ ಬಲಿತು, ಕರೆದರೆ ಬರುವಷ್ಟು ಕಲಿತಿರುತ್ತದೆ.

ಮರಿ ಬರುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಇಡೀ ಮನೆ, ಕೊಟ್ಟಿಗೆ, ಪಂಪ್‌ಮನೆಗಳನ್ನು ಸುತ್ತಿ ನೋಡಿ. ನಿಂತು ನೋಡಿದರೆ ಸಾಲದು, ಬಗ್ಗಿ ನೋಡಬೇಕು. ಮೂಲೆಯ ಹಳೆಯ ಡಬ್ಬಿ, ಅಟ್ಟದ ಕೆಳಗಿನ ಹರಿದ ಪೊಟ್ಟಣ, ಸಿಂಪರಣೆ ಯಂತ್ರ ತೊಳೆದ ನೀರು ನಿಂತ ಗುಂಡಿ, ಇವೆಲ್ಲ ಮರಿಯ ಮೂತಿಗೆ ಎಟುಕುತ್ತವೆ. ಫೋರೇಟ್ ಹರಳಿನ ಮಾರಾಟ ಮತ್ತು ಬಳಕೆ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಹಳೆಯ ಚೀಲ ಇನ್ನೂ ಮನೆಯಲ್ಲಿದ್ದರೆ ಅದನ್ನು ಬಾವಿಯ ಬಳಿ ಸುರಿಯದೆ, ಸುಡದೆ, ಬೀಗದೊಳಗಿಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಇಲಿ ಪಾಷಾಣದ ವಿಷಯದಲ್ಲಿ. 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಸತುವಿನ ಫಾಸ್ಫೈಡ್ ಬೆರೆಸಿದ ತಿನಿಸು ಇಲಿಗೆ ರುಚಿಸುವಂತೆ ನಾಯಿಗೂ ರುಚಿಸುತ್ತದೆ. ಹೊಟ್ಟೆಯ ಆಮ್ಲ ತಗುಲಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಆದುದರಿಂದ ತಿನಿಸನ್ನು ಬಿಲದೊಳಗೇ ಇಟ್ಟು ಬಾಯಿ ಮುಚ್ಚಬೇಕು. ಮರುದಿನ ಬೆಳಿಗ್ಗೆ ಉಳಿದ ತಿನಿಸನ್ನೂ ಸತ್ತ ಇಲಿಗಳನ್ನೂ ಆರಿಸಿ ಆಳವಾಗಿ ಹೂಳಬೇಕು. ಮರಿ ತಿಂದದ್ದು ಕಂಡರೆ ಉಪ್ಪುನೀರು, ಹಾಲು ಎಂದು ಬಲವಂತವಾಗಿ ಕುಡಿಸುತ್ತ ಕಾಲ ಕಳೆಯದೆ ಪೊಟ್ಟಣದ ಸಮೇತ ಪಶು ಆಸ್ಪತ್ರೆಗೆ ಓಡಿ. ವಾಂತಿ ಮಾಡಿಕೊಂಡರೆ ಮುಚ್ಚಿದ ಕೋಣೆಯಲ್ಲಿ ಅದರ ಮೇಲೆ ಬಗ್ಗಿ ನಿಲ್ಲಬೇಡಿ. ಆ ಅನಿಲ ನಿಮಗೂ ವಿಷವೇ.

ಬ್ರೊಮೇಡಿಯೋಲೋನ್ ಬಿಲ್ಲೆಯ ಸ್ವಭಾವ ಬೇರೆ. ತಿಂದ ಮರಿ ಎರಡು ಮೂರು ದಿನ ಚೆನ್ನಾಗಿಯೇ ಆಡಿಕೊಂಡಿರುತ್ತದೆ, ನಂತರ ಮೂಗು, ವಸಡುಗಳಿಂದ ರಕ್ತ ಸೋರತೊಡಗುತ್ತದೆ. ಕೆ-1 ಜೀವಸತ್ವ ಇದಕ್ಕೆ ಮದ್ದು. ಲಕ್ಷಣ ಕಾಣುವ ತನಕ ಕಾಯದೆ, ತಿಂದ ದಿನವೇ ವೈದ್ಯರಲ್ಲಿಗೆ ಹೋದರೆ ಮರಿ ಉಳಿಯುವ ಸಂಭವ ಹೆಚ್ಚು.

ಹಿಂಡಿ ಎಂದರೆ ನಿರಪಾಯ ಎಂಬ ಭಾವನೆ ನಮ್ಮಲ್ಲಿದೆ. ಬೇವಿನ ಹಿಂಡಿಯ ಗೋಜಿಗೆ ನಾಯಿ ಅಷ್ಟಾಗಿ ಹೋಗುವುದಿಲ್ಲ. ಹರಳು ಹಿಂಡಿಯಲ್ಲಿ ರೈಸಿನ್ ಎಂಬ ಉಗ್ರ ವಿಷ ಉಳಿದಿರಬಹುದು. ಮೂಳೆಪುಡಿಯ ಜೊತೆ ಬೆರೆಸಿದರಂತೂ ವಾಸನೆಗೆ ಮರುಳಾಗಿ ನಾಯಿ ಪಾತಿ ಕೆದರಿ ತಿನ್ನುತ್ತದೆ. ಮಣ್ಣಿನಲ್ಲಿ ಚೆನ್ನಾಗಿ ಬೆರೆಸಿ, ಮೇಲೆ ಮಣ್ಣು ಮುಚ್ಚಿ, ಆ ದಿನಗಳಲ್ಲಿ ಮರಿಯನ್ನು ತೋಟಕ್ಕೆ ಬಿಡಬೇಡಿ. ಬಸವನಹುಳುವಿಗೆ ಎರಚುವ ಮೆಟಾಲ್ಡಿಹೈಡ್ ಗುಳಿಗೆಗೂ ಇದೇ ಎಚ್ಚರ ಬೇಕು. ಅದನ್ನು ತಿಂದ ನಾಯಿ ನಡುಗಿ, ಸೆಟೆದು ಬೀಳುತ್ತದೆ. ಉಣ್ಣೆ ಹಿಡಿದಿದೆಯೆಂದು ಬೆಳೆಗೆ ಸಿಂಪಡಿಸುವ ಔಷಧಿಯನ್ನು ಮರಿಯ ಮೈಗೆ ಬಳಿಯುವವರಿದ್ದಾರೆ. ಇದು ಶುದ್ಧ ಅವಿವೇಕ.

ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ ಈಗ ಬಹಳ ಹೊಲಗಳಲ್ಲಿದೆ. ಜಾರಿ ಬಿದ್ದ ಮರಿ ಈಜಬಲ್ಲದು, ಹತ್ತಲಾರದು. ಸುತ್ತ ಬೇಲಿ ಹಾಕಿ. ಒಳಗೆ ನಾಲ್ಕು ಕಡೆ ಹಗ್ಗದ ಬಲೆಯನ್ನು ನೀರಿನವರೆಗೆ ಇಳಿಬಿಡಿ. ಇದು ಮಕ್ಕಳಿಗೂ ಬೇಕಾದ ಏರ್ಪಾಡು. ಚಿರತೆಯ ಸುಳಿವಿರುವ ಸೀಮೆಯಲ್ಲಿ ರಾತ್ರಿ ಮರಿಯನ್ನು ಅಂಗಳದಲ್ಲಿ ಸರಪಳಿಗೆ ಕಟ್ಟಿದರೆ ಚಿರತೆಗೆ ಎಡೆ ಇಟ್ಟಂತೆ. ಮೇಲೂ ಮುಚ್ಚಿದ, ಬಾಗಿಲುಳ್ಳ ಗಟ್ಟಿ ಗೂಡು ಮೊದಲೇ ಸಿದ್ಧವಿರಲಿ.

ಎಂಥ ಮರಿ?

ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಗೆ ಒಳ್ಳೆಯ ಹೆಸರಿದೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದಿತು. ಆದರೆ ಅದು ಓಡಲು ಹುಟ್ಟಿದ ಬೇಟೆ ನಾಯಿ. ದಿನವಿಡೀ ಕಟ್ಟಿಹಾಕುವ ಮನೆಗೆ ತರುವುದು ತರವಲ್ಲ. ಅದರಿಂದ ಮೊಲ ಹಿಡಿಸುವ ಆಸೆಯಿದ್ದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧವೆಂಬುದು ನೆನಪಿರಲಿ. ಸಾಧಾರಣ ಕಾವಲಿಗೆ ಚುರುಕಾದ, ಮನುಷ್ಯರಿಗೆ ಹೆದರದ ನಾಟಿ ಮರಿ ಸಾಕು ಎಂಬುದು ನನ್ನ ಅಭಿಪ್ರಾಯ. ಗಂಡೋ ಹೆಣ್ಣೋ, ಎಂಟು ವಾರ ತಾಯಿಯ ಬಳಿ ಇದ್ದು ಬರಲಿ. ಸಂತಾನಹರಣ ಶಸ್ತ್ರಚಿಕಿತ್ಸೆಯ ಸಮಯವನ್ನು ಪಶುವೈದ್ಯರಲ್ಲಿ ಕೇಳಿಕೊಳ್ಳಿ. ಇಲ್ಲವಾದರೆ ಮರಿಗಳನ್ನು ಊರ ಹೊರಗೆ ಬಿಟ್ಟುಬರುವ ಪಾಪದ ಕೆಲಸ ವರ್ಷವರ್ಷವೂ ತಪ್ಪದು.

ಹಿಂದಿನ ನಾಯಿ ರಕ್ತಭೇದಿಯಿಂದ ಸತ್ತಿದ್ದರೆ ಅದು ಪಾರ್ವೊ ರೋಗವಿರಬಹುದು. ಇದರ ವೈರಾಣು ನೆರಳಿನ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಳೆಯ ತಟ್ಟೆ, ಗೋಣಿ ಬಿಸಾಡಿ. ಕಲ್ಲು, ಸಿಮೆಂಟು ನೆಲವನ್ನು ಕೊಳೆ ಹೋಗುವಂತೆ ತಿಕ್ಕಿ, ಬಳಿಕ ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯಿರಿ. ಮಣ್ಣಿನ ನೆಲ ಹೀಗೆ ಶುದ್ಧವಾಗದು. ಹೊಸ ಮರಿಗೆ ಬೇರೆ ಜಾಗ ಮಾಡಿ.

ಪಾರ್ವೊ ಮತ್ತು ಡಿಸ್ಟೆಂಪರ್ ರೋಗಗಳ ಸಂಯುಕ್ತ ಲಸಿಕೆಯನ್ನು 6ರಿಂದ 8 ವಾರದೊಳಗೆ ಆರಂಭಿಸಿ, 16 ವಾರ ತುಂಬುವ ತನಕ 3-4 ವಾರಕ್ಕೊಮ್ಮೆ ಕೊಡಿಸಬೇಕು. ಅದು ಮುಗಿಯುವವರೆಗೆ ಮರಿಯನ್ನು ಸಂತೆ, ಬೀದಿ ಎಂದು ತಿರುಗಿಸಬೇಡಿ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ, ವೈದ್ಯರು ಹೇಳಿದಂತೆ ಮತ್ತೊಮ್ಮೆ, ಬಳಿಕ ವರ್ಷಕ್ಕೊಮ್ಮೆ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಹಲವೆಡೆ ಉಚಿತ ಲಸಿಕಾ ಶಿಬಿರ ನಡೆಯುತ್ತದೆ. ಜಂತುಹುಳುವಿನ ಔಷಧಿ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಜಾತ್ರೆಯಲ್ಲಿ ಕುರಿ ಕಡಿದಾಗ ಹಸಿ ಕರುಳು, ಪಿತ್ತಕೋಶ, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬಾರದು. ಅದರ ಮೂಲಕ ಬರುವ ಹುಳು ಮನುಷ್ಯನ ಪಿತ್ತಕೋಶದಲ್ಲಿ ನೀರುಗಡ್ಡೆ ಕಟ್ಟಬಲ್ಲದು.

ಆಟದಲ್ಲಿ ಮರಿಯ ಹಲ್ಲು ತಾಗಿ ಮಗುವಿಗೆ ಗೀರು ಗಾಯವಾದರೂ ಉದಾಸೀನ ಬೇಡ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಳಿದ ಎಲ್ಲ ಚುಚ್ಚುಮದ್ದುಗಳನ್ನೂ ಪೂರೈಸಿ. ಸುಣ್ಣ, ಖಾರದ ಪುಡಿ, ಮಂತ್ರದ ನೀರು ಬೇಡ. ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಸುವ ಔಷಧಿ ಇಲ್ಲ. ನಾಯಿ ಕಚ್ಚಿದ ಹಸು ಜೊಲ್ಲು ಸುರಿಸುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ.

ಇನ್ನು ಊಟ. ರಾಗಿ ಮುದ್ದೆ, ಅನ್ನದ ಜೊತೆಗೆ ಮೊಟ್ಟೆಯೋ ಬೇಯಿಸಿದ ಮಾಂಸವೋ ಸೇರಲಿ. ಹಾಲು ಹೆಚ್ಚಾದರೆ ಭೇದಿ. ಈರುಳ್ಳಿ, ಬೇಯಿಸಿದ ಕೋಳಿ ಮೂಳೆ ಬೇಡ. ದ್ರಾಕ್ಷಿ ಬೆಳೆಗಾರರು ಗಮನಿಸಿ: ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ಮಾರಕ.

ಊಟ ಹಾಕುವವರು ಮನೆಯಲ್ಲಿ ಒಬ್ಬರೇ ಇರಲಿ. ಎಲ್ಲರದೂ ಕೆಲಸವಾದರೆ ಯಾರದೂ ಅಲ್ಲ. ಮದುವೆಗೆಂದು ಮನೆಮಂದಿ ನಾಲ್ಕು ದಿನ ಹೋದಾಗ ಅನ್ನ ಹಾಕುವವರಾರು ಎಂಬುದನ್ನು ಪಕ್ಕದ ಹೊಲದವರೊಡನೆ ಈಗಲೇ ಮಾತಾಡಿಕೊಳ್ಳಿ. ಮರಿ ತರುವ ದಿನ ಅದರ ತಾಯಿ ಮಲಗಿದ್ದ ಗೋಣಿಯ ತುಂಡೊಂದನ್ನು ಕೇಳಿ ತಂದು ಗೂಡಿನಲ್ಲಿ ಹಾಸಿ. ಮೊದಲ ಎರಡು ಮೂರು ರಾತ್ರಿ ಅತ್ತೀತು. ಗೂಡನ್ನು ಮನೆಯವರು ಮಲಗುವ ಜಾಗದ ಹತ್ತಿರವೇ ಇಟ್ಟುಕೊಳ್ಳಿ.